ಅವ್ವನ ಟ್ರ್ಯಾಕ್ಟರಿಗೆ ಬಳಿದ ಬಣ್ಣ

ನಮ್ಮ ಅಣ್ಣನಿಗೆ ಯಂತ್ರ ಕೆಟ್ಟರೆ ಎರಡೇ ದಾರಿ ಗೊತ್ತು: ಹೊಸದು ತರುವುದು, ಇಲ್ಲವೇ ಗುಜರಿಗೆ ಹಾಕುವುದು. ಕಮಲಾಪುರದ ನಮ್ಮ ಬಾಳೆತೋಟದ ಹಳೆಯ ಸಣ್ಣ ಟ್ರ್ಯಾಕ್ಟರು ಚಾವಿ ತಿರುಗಿಸಿದರೆ ನರಳುತ್ತ ಒಂದೆರಡು ಸುತ್ತು ತಿರುಗಿ, ಎಂಜಿನ್ ಹಿಡಿಯದೆ ಸುಮ್ಮನಾಗತೊಡಗಿತು. ಅವನು ಮೊದಲು ಹೊಸ ಬ್ಯಾಟರಿ ತಂದ. ಆಮೇಲೆ ಸ್ಟಾರ್ಟರ್ ಬಿಚ್ಚಿಕೊಂಡು ಕಲಬುರಗಿಗೆ ಬಂದ. ಅಂಗಡಿಯ ಮೇಜಿನ ಮೇಲೆ ಅದು ಭರ್ರೆಂದು ತಿರುಗಿತು, ಊರಲ್ಲಿ ಮರಳಿ ಕೂರಿಸಿದರೆ ಮತ್ತದೇ ನರಳಾಟ. ಇನ್ನು ಗುಜರಿಯವನನ್ನು ಕರೆಯುವುದೇ ಬಾಕಿ ಎಂದು ನನಗೆ ಫೋನ್ ಮಾಡಿ ಹೇಳಿದ.

ಆ ಟ್ರ್ಯಾಕ್ಟರ್ ಓಡಿಸುವವಳು ಅವ್ವ. ಮೊಣಕಾಲು ಸವೆದು ಅವಳಿಗೆ ಅಂಗಳ ದಾಟುವುದೇ ಕಷ್ಟ. ಆದರೆ ಸೀಟಿನ ಮೇಲೆ ಕೂತಳೆಂದರೆ ಮನೆಯಿಂದ ತೋಟಕ್ಕೆ, ತೋಟದಲ್ಲಿ ಸಾಲಿನಿಂದ ಸಾಲಿಗೆ ತಾನೇ ಹೋಗುತ್ತಾಳೆ. ಕ್ಲಚ್ ತುಳಿಯುವಾಗ ಮಾತ್ರ ಆ ಕಾಲು ಎಂದೂ ತಕರಾರು ಮಾಡಿದ್ದಿಲ್ಲ. ಟ್ರ್ಯಾಕ್ಟರ್ ನಿಂತ ಮೇಲೆ ಅವಳು ಕಟ್ಟೆಯ ಮೇಲೆ ಕೂತು, ಗೊನೆ ಹೇಗಿವೆ ಎಂದು ಹೋಗಿಬರುವವರನ್ನೆಲ್ಲ ಕೇಳುತ್ತಿದ್ದಳು. 

ನಾನು ಕಲಬುರಗಿಯ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಳ್ಳುವವಳು. ಭಾನುವಾರ ಜೇವರ್ಗಿ ಕಾಲೋನಿಯ ಮನೆಯಿಂದ ಪಾನಾ, ಉಪ್ಪುಕಾಗದ, ದಪ್ಪನೆಯ ಒಂದು ವೈರು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಬಾನೆಟ್ ಎತ್ತಿದೊಡನೆ ಹುಳಿತ ವಾಸನೆ ಮುಖಕ್ಕೆ ಹೊಡೆಯಿತು. ನಮ್ಮ ಮನೆಯಲ್ಲಿ ಖಂಡೇಪೂಜೆಗೆ, ಅಂದರೆ ದಸರೆಯ ಆಯುಧಪೂಜೆಗೆ, ಟ್ರ್ಯಾಕ್ಟರಿನ ಮೇಲೆ ಕಾಯಿ ಒಡೆದರೆ ಆ ನೀರು ಒರೆಸುವಂತಿಲ್ಲ. ಹಚ್ಚಿದ ಕುಂಕುಮ, ಅರಿಶಿನ ತಾವಾಗಿಯೇ ಹೋಗಬೇಕು. ಹಾಗೆ ವರ್ಷಗಟ್ಟಲೆ ಸೋರಿದ್ದೆಲ್ಲ ಬಾಳೆಯ ಅಂಟು, ಗ್ರೀಸು, ಧೂಳಿನ ಜೊತೆ ಕಲಸಿ ಕಪ್ಪು ಲೋಳೆಯಾಗಿತ್ತು. ಅದರೊಳಗೆ ಸತ್ತ ಇರುವೆಗಳು, ಕೂದಲು, ಬೂಸ್ಟು ಹಿಡಿದ ಕೊಬ್ಬರಿ ಚೂರು. ಕೈ ಹಾಕಿದೆ, ವಾಕರಿಕೆ ಬಂತು. ಭಕ್ತಿ ಇಷ್ಟು ನಾರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ದೇವರಿಗಾದರೂ ಇದನ್ನು ನೋಡಿ ಹೇಸಿಗೆಯಾಗದೆ?

ಇದರ ಮೇಲೆ ಬಣ್ಣ ಬೇರೆ. ಪ್ರತಿ ದಸರೆಗೂ ಅಣ್ಣ ಹಳೆಯದನ್ನು ತೊಳೆಯದೆ ಹೊಸ ಕೆಂಪು ಬಣ್ಣ ಹೊಡೆಸುತ್ತಾನೆ. ಬ್ಯಾಟರಿಯಿಂದ ಟ್ರ್ಯಾಕ್ಟರಿನ ಮೈಗೆ ಹೋಗುವ ಅರ್ಥಿಂಗ್ ವೈರಿನ ಬೋಲ್ಟು ಬಿಚ್ಚಿದೆ. ಅದರಡಿಯಲ್ಲಿ ಬರೀ ಕಬ್ಬಿಣ ಇರಬೇಕಾದ ಕಡೆ ಫಳಫಳ ಕೆಂಪು ಬಣ್ಣ! ಕಳೆದ ಪೂಜೆಗೆ ಚೆಂದ ಕಾಣಲೆಂದು ವೈರು ಬಿಚ್ಚಿ, ಕೆಳಗೂ ಬಳಿದು, ಮೇಲೆ ಮತ್ತೆ ಬಿಗಿದಿದ್ದರು. ಬಣ್ಣ ಕರೆಂಟನ್ನು ತಡೆಯುತ್ತದೆ. ಬ್ಯಾಟರಿ ಎಷ್ಟೇ ಹೊಸದಿರಲಿ, ಸ್ಟಾರ್ಟರಿಗೆ ಜೋರು ಸಿಗುವುದಾದರೂ ಹೇಗೆ? ಖಾತ್ರಿಗೆಂದು ನನ್ನ ದಪ್ಪ ವೈರನ್ನು ಬ್ಯಾಟರಿಯ ಮೈನಸ್ಸಿನಿಂದ ನೇರ ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಹಿಡಿದು ಚಾವಿ ತಿರುಗಿಸಲು ಹೇಳಿದೆ. ನನ್ನ ಹೆಗಲು ಹಿಡಿದು ಆಗಲೇ ಸೀಟು ಹತ್ತಿ ಕೂತಿದ್ದ ಅವ್ವ ತಿರುಗಿಸಿದಳು. ಎಂಜಿನ್ ತಟ್ಟನೆ ಹಿಡಿಯಿತು.

ಅದನ್ನು ಆರಿಸಿ, ಬೋಲ್ಟಿನ ಸುತ್ತ ಕೆರೆಯತೊಡಗಿದಾಗ ಅಣ್ಣ ಬಂದ. ಪೂಜೆಯ ಬಣ್ಣ ಕೆರೆಯಬಾರದು, ಮನೆಗೆ ಒಳ್ಳೆಯದಲ್ಲ ಎಂದು ಶುರು ಮಾಡಿದ. ನಾನು ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ ವೈರು ಬಿಗಿದೆ. ಈ ಸಲ ಅವ್ವ ಚಾವಿ ಮುಟ್ಟಿದ್ದೇ ತಡ, ಎಂಜಿನ್ ಓಡತೊಡಗಿತು.

ಅಣ್ಣನ ಮುಖ ಇಳಿದುಹೋಯಿತು. ನನ್ನ ಪಕ್ಕಕ್ಕೆ ಬಂದು, ಎಂಜಿನ್ನಿನ ಸದ್ದಿನಲ್ಲಿ ಅವ್ವನಿಗೆ ಕೇಳಿಸದೆಂದು ತಿಳಿದು ಹೇಳಿದ:

"ಸ್ಟಾರ್ಟರ್ ನೋಡಿಸಿದ ಮ್ಯಾಲ, ಕೆಟ್ಟಿದ್ದು ಕೆಟ್ಟಂಗ ಇರ್ಲಿ ಅಂತ ಸುಮ್ಮನಾಗಿದ್ದೆ ತಂಗಿ. ಈ ವಯಸ್ಸಿನಾಗ ಮುದುಕಿ ಟ್ರ್ಯಾಕ್ಟರ್ ಹೊಡಕೊಂಡು ತಿರುಗಿದ್ರ ಬೀಗರು ನಗ್ತಾರ."

ಆ ಲೋಳೆಗೆ ಕೈ ಹಾಕಿದಾಗಲೂ ನನಗೆ ಇಷ್ಟು ಅಸಹ್ಯವಾಗಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಸದ್ದು ನಿಂತಿತು. ಅವ್ವ ಎಂಜಿನ್ ಆರಿಸಿ, ಸೀಟಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು.

"ಏನಂದೆಪ್ಪಾ? ಈಗ ಅನ್ನು, ಕೇಳಸ್ತದ."

ಅವನು ಬಾನೆಟ್ ಮುಚ್ಚತೊಡಗಿದ.  ಅವ್ವ ಸೆರಗು ಸಿಕ್ಕಿಸಿಕೊಂಡು ಚಾವಿ ತಿರುಗಿಸಿದಳು. ಅಣ್ಣ ದಾರಿಯಿಂದ ಸರಿಯಬೇಕಾಯಿತು.