ಹೊರಕೋಣೆಯ ಗೋಡೆಯ ಆ ಕಡೆ

ಇನ್ನೊಬ್ಬರು ಹೇಳಿದರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬುವ ಸ್ವಭಾವ ನನ್ನದಲ್ಲ. ನನ್ನ ತವರು ದಂಡೋತಿ. ಅಲ್ಲಿ ಕಾಗಿಣಾ ನದಿಯ ದಡದಲ್ಲಿ ನಡುಮಧ್ಯಾಹ್ನ ಒಬ್ಬ ಹೆಂಗಸು ಕೂದಲು ಬಿಟ್ಟುಕೊಂಡು ಕುಳಿತಿರುತ್ತಾಳೆಂದು ಊರೆಲ್ಲ ಹೇಳುತ್ತಿತ್ತು. ನಾನು ಚಿಕ್ಕವಳಿದ್ದಾಗ, ಮನೆಯವರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ, ಒಬ್ಬಳೇ ಹೋಗಿ ಬಿಸಿಲು ಇಳಿಯುವವರೆಗೆ ಅಲ್ಲಿ ಕುಳಿತು ಬಂದೆ. ಕಂಡದ್ದು ಒಂದು ಕತ್ತೆ ಮಾತ್ರ. ಅದೂ ನನ್ನನ್ನು ನೋಡಿ ಬೆದರಿ ಓಡಿತು. ಮರುದಿನದಿಂದ ಊರಿನವರು, ದಡದ ಮೇಲೆ ಈಗ ಒಂದು ಹುಡುಗಿಯೂ ಕಾಣತೊಡಗಿದ್ದಾಳೆಂದು ಹೇಳಿಕೊಂಡು ತಿರುಗಿದರು.

ಏಳನೆಯ ತರಗತಿಗೆ ನನ್ನ ಶಾಲೆ ನಿಂತಿತು. ಮುಂದಿನದನ್ನೆಲ್ಲ ನಾನೇ ಓದಿಕೊಂಡೆ. ಪುರಾಣ, ಆರೋಗ್ಯದ ಪುಸ್ತಕ, ಔಷಧಿಯ ಡಬ್ಬಿಯೊಳಗೆ ಮಡಿಚಿಟ್ಟ ಕಾಗದ, ಎಲ್ಲವನ್ನೂ ನಿಘಂಟು ಹಿಡಿದು ಓದಿದೆ. ದೆವ್ವ ಕಂಡೆನೆಂದವರಿಗೆ ನಾನು ಕೇಳುತ್ತಿದ್ದ ಪ್ರಶ್ನೆಗಳಿಂದ ಬೇಸತ್ತು, ನನ್ನ ಎದುರಿಗೆ ಯಾರೂ ಅಂಥ ಮಾತೆತ್ತುತ್ತಿರಲಿಲ್ಲ. ಈಗ ಅದೇ ಬಗೆಯ ಮಾತನ್ನು ನಾನೇ ಬರೆಯಲು ಕುಳಿತಿದ್ದೇನೆ. ಓದುಗರು ನನ್ನನ್ನೂ ಹಾಗೆಯೇ ಪ್ರಶ್ನಿಸಲಿ.

ತೊಂಬತ್ತರ ದಶಕದ ಮಾತು. ಮದುವೆಯಾಗಿ ಶಹಾಬಾದಿಗೆ ಬಂದಿದ್ದೆ. ಯಜಮಾನರಿಗೆ ಅಲ್ಲಿ ಕಚೇರಿಯ ಕೆಲಸ. ಮನೆಯಲ್ಲಿ ಅತ್ತೆ, ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು. ಎರಡನೆಯ ಹೆರಿಗೆಯಲ್ಲಿ ನಾನು ಉಳಿದದ್ದೇ ಹೆಚ್ಚು. ಕೆಲವು ವರ್ಷ ಮತ್ತೆ ಗರ್ಭ ನಿಲ್ಲಬಾರದು, ನಿಂತರೆ ಜೀವಕ್ಕೆ ಅಪಾಯ ಎಂದು ವೈದ್ಯೆ ಸ್ಪಷ್ಟವಾಗಿ ಹೇಳಿದ್ದರು. ಗಂಡುಮಗುವಾಗುವವರೆಗೆ ಆಪರೇಷನ್ ಬೇಡವೆಂದು ಅತ್ತೆ ಹಟ ಹಿಡಿದರು. ಗರ್ಭಕೋಶದೊಳಗೆ ಇಡುವ ವಂಕಿ ನನ್ನ ಮೈಗೆ ಒಗ್ಗಲಿಲ್ಲ. ಆಗ ಹೈದರಾಬಾದಿನಲ್ಲಿದ್ದ ನನ್ನ ವೈನಿ, ಎಂದರೆ ಅಣ್ಣನ ಹೆಂಡತಿ, ಒಂದು ಹೊಸ ಉಪಾಯ ತಿಳಿಸಿದರು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ತೋಳಿನ ಒಳಭಾಗದಲ್ಲಿ, ಚರ್ಮದ ಕೆಳಗೆ, ಬೆಂಕಿಕಡ್ಡಿಯಷ್ಟು ಗಾತ್ರದ ಆರು ಮೆತ್ತನೆಯ ನಳಿಕೆಗಳನ್ನು ಇಡುತ್ತಿದ್ದರು. ಅವುಗಳಿಂದ ಹಾರ್ಮೋನು ದಿನವೂ ತುಸುತುಸುವೇ ಮೈಗೆ ಇಳಿಯುತ್ತದೆ. ಐದು ವರ್ಷ ಯೋಚನೆಯಿಲ್ಲ. ವೈನಿ ತಾವೂ ಇಡಿಸಿಕೊಂಡು ಸುಖವಾಗಿದ್ದರು. ಯಜಮಾನರು ಒಪ್ಪಿದರು. ಹೋಗಿ ಇಡಿಸಿಕೊಂಡು ಬಂದೆ.

ಆ ಮದ್ದಿನ ಬಗ್ಗೆ ನಾನು ಸುಳ್ಳು ಹೇಳಲಾರೆ. ಅದು ಮಾಡಬೇಕಾದ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಗರ್ಭ ನಿಲ್ಲಲಿಲ್ಲ. ಮಾತ್ರೆ ಮರೆತೆನೆಂಬ ಭಯವಿರಲಿಲ್ಲ. ಮೊದಲ ವರ್ಷ ಮುಟ್ಟು ಹೇಗೆಂದರೆ ಹಾಗೆ ಬರಬಹುದು, ತಲೆ ನೋಯಬಹುದು, ಮನಸ್ಸು ಕುಗ್ಗಬಹುದು, ಮೈ ಬರಬಹುದು ಎಂದು ಅಲ್ಲಿಯ ವೈದ್ಯೆ ಮೊದಲೇ ಹೇಳಿದ್ದರು. ಅಲ್ಪಸ್ವಲ್ಪ ರಕ್ತ ಕಂಡರೆ ಅಪಾಯವೇನೂ ಇಲ್ಲವೆಂದೂ ಹೇಳಿದ್ದರು. ಅದೂ ನಿಜವೇ. ಆದರೆ ನಮ್ಮ ಮನೆಯ ನಡಾವಳಿ ಅವರಿಗೆ ತಿಳಿದಿರಲಿಲ್ಲ. ತಿಳಿಸಬೇಕೆಂದು ನನಗೂ ಹೊಳೆದಿರಲಿಲ್ಲ.

ನಮ್ಮದು ಮಡಿಯ ಮನೆ. ಹೊರಗಾದ ಹೆಂಗಸು ಹಿತ್ತಲಿನ ಕೋಣೆಯಲ್ಲಿ ಮೂರು ದಿನ ದೂರ ಕೂಡಬೇಕು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಬಂದ ಮೇಲೆ ಮತ್ತೆ ಒಂದು ಕಲೆ ಕಂಡರೂ ಮೂರು ದಿನಗಳ ಲೆಕ್ಕ ಮೊದಲಿನಿಂದ ಹಿಡಿಯಬೇಕು. ನನಗೆ ಹೀಗೆ ಒಳಗೆ ಬಂದು ಹಾಗೆ ಹೊರಗೆ ಹೋಗುವುದೇ ಆಯಿತು. ಮುಚ್ಚಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಿತ್ತಲಲ್ಲಿ ಒಣಗುವ ಬಟ್ಟೆ ಅತ್ತೆಯ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಅದಲ್ಲದೆ, ಆದದ್ದನ್ನು ಆಗಿಲ್ಲವೆಂದು ಹೇಳುವುದು ನನ್ನ ಹಟಮಾರಿ ನಾಲಿಗೆಗೆ ಒಗ್ಗದ ಕೆಲಸ. ಮಳೆಗಾಲ ಹೋಗಿ ಚಳಿಗಾಲ ಬಂದರೂ ನನ್ನ ಚಾಪೆ, ತಟ್ಟೆ, ತಂಬಿಗೆ ಆ ಕೋಣೆಯನ್ನು ಬಿಟ್ಟು ಒಳಗೆ ಬರಲಿಲ್ಲವೆಂದೇ ಹೇಳಬೇಕು.

ನನ್ನನ್ನು ಸುಟ್ಟದ್ದು ಚಾಪೆಯೂ ಅಲ್ಲ, ತಟ್ಟೆಯೂ ಅಲ್ಲ. ಚಿಕ್ಕವಳು ಆಗ ನಡೆಯಲು ಕಲಿತಿದ್ದಳಷ್ಟೆ. ಬಟ್ಟೆ ತೊಡದ ಕೂಸಿಗೆ ಮೈಲಿಗೆ ತಟ್ಟುವುದಿಲ್ಲ ಎಂಬುದು ನಮ್ಮಲ್ಲಿಯ ರೂಢಿ. ಆದ್ದರಿಂದ ಬೇಸಿಗೆಯಲ್ಲಿ ಅವಳ ಅಂಗಿ ಬಿಚ್ಚಿ ನನ್ನ ಬಳಿ ಬಿಡುತ್ತಿದ್ದರು; ಮೊಲೆಯುಣ್ಣಿಸಿ, ಆಡಿಸಿ, ಮತ್ತೆ ಒಳಗೆ ಕಳಿಸುತ್ತಿದ್ದೆ. ಚಳಿ ಬಿದ್ದ ಮೇಲೆ ಅದೂ ನಿಂತಿತು. “ಥಂಡಿಯಾಗ ಬತ್ತಲೆ ಬಿಟ್ರ ಕೂಸಿಗಿ ಕೆಮ್ಮು ಹತ್ತತದ. ನೀನೇ ತಡಕೋ,” ಎಂದರು ಅತ್ತೆ. ಅದರಲ್ಲಿ ಅವರ ಕೆಡುಕು ಇರಲಿಲ್ಲ; ಅವರು ಹೇಳಿದ್ದು ಸರಿಯಾಗಿಯೂ ಇತ್ತು. ಕೂಸು ಹೊಸ್ತಿಲಿನ ಆ ಕಡೆ ಉಣ್ಣೆಯ ಟೋಪಿ ಹಾಕಿಕೊಂಡು ನಿಂತು ಎರಡೂ ಕೈ ಚಾಚುತ್ತಿತ್ತು. ನಾನು ಈ ಕಡೆ ಕುಳಿತು ಕೈಗಳನ್ನು ಮಡಿಲಲ್ಲಿ ಹಿಡಿದುಕೊಂಡಿರುತ್ತಿದ್ದೆ. ಸ್ವಲ್ಪ ದಿನಗಳ ಮೇಲೆ ಅದು ಕೈ ಚಾಚುವುದನ್ನು ಬಿಟ್ಟಿತು. ಆಮೇಲೆ ಬರುವುದನ್ನೂ ಬಿಟ್ಟಿತು.

ಹೈದರಾಬಾದಿಗೆ ಫೋನು ಮಾಡಿಸಿದೆ. ಇನ್ನು ಕೆಲವು ತಿಂಗಳು ತಾಳಿಕೊಳ್ಳಿ, ಮೈಗೆ ಹೊಂದಿಕೊಳ್ಳುತ್ತದೆ, ಐದು ವರ್ಷದ ಮದ್ದನ್ನು ಇಷ್ಟು ಬೇಗ ತೆಗೆಸುತ್ತಾರೆಯೇ ಎಂಬ ಉತ್ತರ ಬಂತು. ನಮ್ಮ ಕಡೆಯ ವೈದ್ಯರು, ತಾವು ಇಡದೆ ಇದ್ದುದನ್ನು ತಾವು ತೆಗೆಯುವುದಿಲ್ಲ ಎಂದರು. ಯಜಮಾನರು ಎರಡೂ ಮಾತಿಗೆ ತಲೆಯಾಡಿಸಿದರು.

ಅಂಥ ದಿನಗಳಲ್ಲಿ, ಒಂದು ಮಧ್ಯಾಹ್ನ, “ಇನ್ನೆಷ್ಟು ದಿನ ಇದು?” ಎಂದು ಬಾಯಿಬಿಟ್ಟು ಹೇಳಿದ್ದೆ. ಗೋಡೆಯ ಆ ಕಡೆಯಿಂದ ಒಂದು ಹೆಣ್ಣುದನಿ ಕೇಳಿಸಿತು.

“ಯಾಕ ತಲ್ಲೀ, ನೀನೂ ಹೊರಗಾಗಿಯೇನು?”

ನಮ್ಮ ಹಿತ್ತಲಿಗೆ ಒತ್ತಿಕೊಂಡು ಕಲ್ಲಿನ ವ್ಯಾಪಾರಿಯೊಬ್ಬರ ಹಿತ್ತಲಿತ್ತು. ಅಲ್ಲಿ ಕಲ್ಲುಗಣಿಯ ಕೆಲಸಗಾರರ ಸಂಸಾರಗಳು ಆಗಾಗ ಬಂದಿಳಿಯುತ್ತಿದ್ದವು. ಅಂಥವರಲ್ಲಿ ಯಾರೋ ಇರಬೇಕೆಂದುಕೊಂಡೆ. “ಹೊರಗಾಗಿ ಒಳಗ ಹೋಗೋದೇ ಮರ್ತೀನಿ,” ಎಂದೆ.

“ಹಂಗಾರ ನಾವಿಬ್ರೂ ಒಂದೇ ಜಾತಿ ಆದ್ವಿ ತಗಿ,” ಎಂದು ಅವಳು ನಕ್ಕಳು.

ಅಂದಿನಿಂದ ಅವಳ ಮಾತು ನನಗೆ ರೂಢಿಯಾಯಿತು. ದಿನವೂ ಬರುತ್ತಿರಲಿಲ್ಲ. ಅತ್ತೆ ಉಂಡು ಮಲಗಿದ ಹೊತ್ತಿನಲ್ಲಿ ಮಾತ್ರ ಬರುತ್ತಿತ್ತು. ತವರು ಚಂದ್ರಂಪಳ್ಳಿಯ ಕಡೆ ಎಂದಿದ್ದಳು. ಚಿಂಚೋಳಿಯ ಕಾಡಂಚಿನವರಂತೆ ತೆಲುಗು ಬೆರೆಸಿ, ನನ್ನನ್ನು ತಲ್ಲೀ, ಎಂದರೆ ತಾಯೀ, ಎಂದು ಕರೆದು ಮಾತನಾಡುತ್ತಿದ್ದಳು. ಹೆಸರು ಕೇಳಿದರೆ, “ಹೆಸರು ತಗೊಂಡು ಏನ್ ಮಾಡ್ತಿ, ಅಕ್ಕಾ ಅನ್ನು,” ಎನ್ನುತ್ತಿದ್ದಳು. ತೋಳಿನ ಸಂಗತಿಯನ್ನು ಅವಳಿಗೆ ಹೇಳಿದಾಗ, “ಆರು ಕಡ್ಡಿ ತೋಳಾಗ ಹೊತ್ಕೊಂಡಿ, ಒಂದು ಕೂಸಿಗಿ ಎತ್ಕೊಳ್ಳಾಕ ಬರವಲ್ದು. ಛಲೋ ಮದ್ದವ್ವಾ!” ಎಂದಳು. ನನಗೆ ನಗು ಬಂತು. ಎಷ್ಟೋ ದಿನಗಳಾಗಿದ್ದವು ನಕ್ಕು. ನಮ್ಮ ದೇವರ ಮನೆಯನ್ನೂ ಅವಳು ಬಿಡುತ್ತಿರಲಿಲ್ಲ: “ನಿಮ್ ದೇವ್ರು ಭಾಳ ನಾಜೂಕ ಅದಾನ ನೋಡು. ಒಂದು ಹನಿಗಿ ಅಂಜ್ತಾನ.”

ಇನ್ನು ಆ ದಿನದ ಮಾತು. ಹಿರಿಯಳು ಶಾಲೆಗೆ ಹೋಗಿದ್ದಳು. ಯಜಮಾನರು ಕೆಲಸದ ಮೇಲೆ ವಾಡಿಗೆ ಹೋಗಿದ್ದರು. ಅತ್ತೆ ಕೂಸನ್ನು ನಡುಮನೆಯಲ್ಲಿ ಮಲಗಿಸಿ ತಾವೂ ಪಕ್ಕದಲ್ಲಿ ಮಲಗಿದ್ದರು. ಹೊರಕೋಣೆಗೂ ನಡುಮನೆಗೂ ನಡುವೆ ಹಿತ್ತಲು, ಅಡುಗೆಮನೆ, ಎರಡು ಬಾಗಿಲು. ನಾನು ಚಾಪೆಯ ಮೇಲೆ ಎಚ್ಚರವಾಗಿಯೇ ಅಡ್ಡಾಗಿದ್ದೆ. ಇದನ್ನು ಒತ್ತಿ ಹೇಳುತ್ತೇನೆ.

“ತಲ್ಲೀ, ಏಳು. ನಿನ್ನ ಕೂಸಿನ ಮೈ ಸುಡಾಕತ್ತದ,” ಎಂದಳು ಅವಳು.

“ನಿನಗ ಹ್ಯಾಂಗ ಗೊತ್ತು ಅಕ್ಕಾ? ಅತ್ತದ್ದು ನನಗ ಕೇಳಿಸಿಲ್ಲ.”

“ಅಳೋ ಕೂಸಾದ್ರ ನಾ ಯಾಕ ಎಬ್ಬಿಸ್ತಿದ್ದೆ? ಅಳವಲ್ದು, ಅದಕ್ಕೇ ಹೇಳಾಕತ್ತೀನಿ. ಒಳಗ ಹೋಗು.”

“ನಾ ಒಳಗ ಹೋಗೋ ಹಂಗಿಲ್ಲ.”

ಅವಳಿಗೆ ಸಿಟ್ಟು ಬಂತು. ಅದಕ್ಕೂ ಮೊದಲು ಅವಳ ಸಿಟ್ಟನ್ನು ನಾನು ಕೇಳಿರಲಿಲ್ಲ. “ಕೂಸು ಇದ್ರ ಅಲ್ಲೇನು ನಿನ್ನ ಮಡಿ, ನಿನ್ನ ಮೈಲಿಗಿ! ಏಳ್ತಿ ಇಲ್ಲೋ?”

ಎದ್ದೆ. ಅಡುಗೆಮನೆಯ ಹೊಸ್ತಿಲು ದಾಟುವಾಗ ಗಳದ ಮೇಲಿದ್ದ ಅತ್ತೆಯ ಮಡಿಸೀರೆ ನನ್ನ ಭುಜಕ್ಕೆ ತಾಗಿ ಕೆಳಗೆ ಬಿತ್ತು. ನಡುಮನೆಯಲ್ಲಿ ಅತ್ತೆಗೆ ಗಾಢ ನಿದ್ದೆ. ಕೌದಿಯ ಕೆಳಗೆ ಕೂಸು ಬಿಲ್ಲಿನ ಹಾಗೆ ಸೆಟೆದು ಮಲಗಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು, ತುಟಿ ನೀಲಿಯಾಗಿತ್ತು, ಬಾಯಿಂದ ಸದ್ದಿರಲಿಲ್ಲ. ಮುಟ್ಟಿದರೆ ಕಾದ ಹಂಚು. ಓದಿದ್ದು ಆಗ ನೆನಪಿಗೆ ಬಂತು: ಮಗ್ಗುಲಿಗೆ ಹೊರಳಿಸಿದೆ, ಉಣ್ಣೆಯ ಅಂಗಿ ಟೋಪಿ ಕಿತ್ತು ಹಾಕಿದೆ. ಅತ್ತೆ ಎಚ್ಚತ್ತು, “ಅಯ್ಯಯ್ಯ, ಒಳಗ ಬಂದ್ಯಾ!” ಎಂದವರು, ಕೂಸಿನ ಮುಖ ನೋಡಿ ಎದ್ದು ಮುಂಬಾಗಿಲಿನ ಅಗಳಿ ತೆಗೆದರು. ಕೂಸನ್ನು ಎತ್ತಿಕೊಂಡು ಓಡಿದೆ. ಅತ್ತೆ ಬರಿಗಾಲಲ್ಲಿ ಹಿಂದೆಯೇ ಬಂದರು. ಆಟೋದಲ್ಲಿ ನನಗೆ ಒತ್ತಿಕೊಂಡು ಕುಳಿತು, ಕೂಸಿನ ಅಂಗಾಲು ತಿಕ್ಕುತ್ತ, “ಲಗೂ ಹೋಗಪ್ಪಾ, ಲಗೂ,” ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು.

ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತು. ವೈದ್ಯರು ಸೂಜಿಮದ್ದು ಕೊಟ್ಟು ನಿಲ್ಲಿಸಿದರು. ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಅವರು ನನಗೆ ಹೇಳಲಿಲ್ಲ, ಯಜಮಾನರಿಗೆ ಹೇಳಿದರಂತೆ. ಸಂಜೆಯ ಹೊತ್ತಿಗೆ ಕೂಸು ಕಣ್ಣು ತೆರೆದು ನನ್ನ ಮುಖ ನೋಡಿತು. ಸ್ವಲ್ಪ ಹೊತ್ತು ಗುರುತು ಹಿಡಿಯಲಿಲ್ಲ. ಆಮೇಲೆ ನನ್ನ ಸೆರಗನ್ನು ಬಾಯಿಗೆ ಹಾಕಿಕೊಂಡಿತು.

ಮರುದಿನ ಉಪಕಾರ ಹೇಳಬೇಕೆಂದು ಕಲ್ಲಿನ ವ್ಯಾಪಾರಿಗಳ ಮನೆಗೆ ಹೋದೆ. ಅವರ ಹೆಂಡತಿಯನ್ನು ಓಣಿಯವರೆಲ್ಲ ಆಪಾ ಎನ್ನುತ್ತಿದ್ದೆವು. ಹಿತ್ತಲಲ್ಲಿ ಇರುವ ಹೆಂಗಸನ್ನು ಕರೆಯಿರಿ ಎಂದೆ. “ಯಾವ ಹೆಂಗಸರೀ? ದೀಪಾವಳಿ ಆದಾಗಿಂದ ಅಲ್ಲಿ ಯಾರಿಗೂ ಜಾಗಾನೇ ಕೊಟ್ಟಿಲ್ಲ. ಬರ್ರಿ, ನೀವೇ ನೋಡ್ರಿ,” ಎಂದು ಆಪಾ ಒಳಗೆ ಕರೆದೊಯ್ದರು. ನಮ್ಮ ಹೊರಕೋಣೆಯ ಗೋಡೆಯ ಉದ್ದಕ್ಕೂ, ಗೋಡೆಗೆ ಒರಗಿಸಿ, ಒಂದಕ್ಕೊಂದು ಅಂಟಿಕೊಂಡಂತೆ ಹಾಸುಗಲ್ಲುಗಳನ್ನು ನಿಲ್ಲಿಸಿದ್ದರು. ಗೋಡೆಯವರೆಗೆ ಕೈ ಕೂಡ ಹೋಗುವ ಹಾಗಿರಲಿಲ್ಲ. ಕಲ್ಲುಗಳ ಮೇಲೆ ಯಾರೂ ಮುಟ್ಟದ ದೂಳು ಮಟ್ಟಸವಾಗಿ ಕುಳಿತಿತ್ತು.

“ಮಾತಾಡೋದು ನಿಮಗ ಕೇಳಿಸಿಲ್ಲೇನು?” ಎಂದೆ.

ಆಪಾ ತುಸು ಸಂಕೋಚಪಟ್ಟರು. “ಕೇಳಿಸ್ತಿತ್ತು. ನಿಮ್ದೊಂದೇ ಆವಾಜ್ ಬರ್ತಿತ್ತು ನೋಡ್ರಿ. ಮಕ್ಕಳ ಸಂಗಾಟ ಮಾತಾಡ್ತೀರಿ ಅಂದ್ಕೊಂಡಿದ್ದೆ.”

ಮುಂದೆ ನಾನು ಹಟ ಹಿಡಿದು ಹೈದರಾಬಾದಿಗೆ ಹೋದೆ. ಬೇಕೆಂದಾಗ ತೆಗೆಸಿಕೊಳ್ಳುವುದು ನನ್ನ ಹಕ್ಕು, ತೆಗೆಯುವವರೆಗೆ ಇಲ್ಲಿಂದ ಏಳುವುದಿಲ್ಲ ಎಂದು ಬೆಂಚಿನ ಮೇಲೆ ಕುಳಿತೆ. ತೆಗೆದರು. ಇಡುವುದಕ್ಕಿಂತ ತೆಗೆಯುವುದು ಹೆಚ್ಚು ಹೊತ್ತು ಹಿಡಿಯಿತು, ಹೆಚ್ಚು ನೋಯಿಸಿತು. ವೈದ್ಯೆಗೆ ಆ ದನಿಯ ಸಂಗತಿಯನ್ನೂ ಹೇಳಿದೆ. ಈ ಹಾರ್ಮೋನಿನಿಂದ ಕೆಲವರ ಮನಸ್ಸು ಕುಗ್ಗುವುದುಂಟು, ಒಂಟಿಯಾಗಿದ್ದವರ ಮನಸ್ಸು ಜೊತೆಯನ್ನು ತಾನೇ ಕಲ್ಪಿಸಿಕೊಳ್ಳುವುದೂ ಉಂಟು ಎಂದು ಅವರು ಸಮಾಧಾನವಾಗಿ ವಿವರಿಸಿದರು. ಒಪ್ಪಬಹುದಾದ ಮಾತು. ಆದರೆ ಎರಡು ಬಾಗಿಲುಗಳಾಚೆ ಸದ್ದಿಲ್ಲದೆ ಮಲಗಿದ ಕೂಸಿನ ಜ್ವರ ನನ್ನ ಕಲ್ಪನೆಗೆ ಹೇಗೆ ತಿಳಿಯಿತೆಂದು ಕೇಳಿದ್ದಕ್ಕೆ ಅವರು ತೋಳಿನ ಗಾಯಕ್ಕೆ ಪಟ್ಟಿ ಕಟ್ಟತೊಡಗಿದರು. ಅತ್ತೆ, ಕುಲದೇವರೇ ನುಡಿದಿದ್ದಾನೆಂದು ತೀರ್ಮಾನಿಸಿದರು. ದೇವರು ತೆಲುಗು ಬೆರೆಸಿದ ಕನ್ನಡದಲ್ಲಿ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾನೆಂದು ನನಗೆ ಅನ್ನಿಸುವುದಿಲ್ಲ. ತಾಯಿಯ ಕರುಳು ಎಂದವರೂ ಇದ್ದಾರೆ. ಕೂಸು ಕೈ ಚಾಚುವುದನ್ನು ಬಿಟ್ಟಾಗ ಆ ಕರುಳು ಯಾಕೆ ಏಳಲಿಲ್ಲ? ಚಂದ್ರಂಪಳ್ಳಿಗೂ ಒಮ್ಮೆ ಹೋಗಿ ವಿಚಾರಿಸಿದೆ. ಹೆಸರು, ಮನೆತನ ಯಾವುದೂ ಗೊತ್ತಿಲ್ಲದವಳನ್ನು ಏನೆಂದು ವಿಚಾರಿಸುವುದು? ಕೆರೆಯ ನೀರು ನೋಡಿಕೊಂಡು ಹಿಂತಿರುಗಿದೆ.

ಆ ಘಟನೆಯ ತರುವಾಯ ನಾನು ದೂರ ಕೂಡಲಿಲ್ಲ. ಅತ್ತೆಯೂ ಕೂಡೆಂದು ಹೇಳಲಿಲ್ಲ. ಆದರೆ ತೋಳಿನ ಗಾಯ ಮಾಯ್ದ ಮೇಲೆ ಒಂದು ಮಧ್ಯಾಹ್ನ ನಾನಾಗಿಯೇ ಹೊರಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಗೋಡೆಗೆ ಒರಗಿ ಕುಳಿತೆ. ಅಕ್ಕಾ ಎಂದು ಕರೆದೆ. ಕೂಸು ಅರಾಮ ಅದ ಎಂದೆ. ಎಲ್ಲಾದರೂ ಒಂದು ಉಸಿರಾದರೂ ಕೇಳಿಸೀತೆಂದು ಕಿವಿಗೊಟ್ಟೆ. ಒಳಗೆ ಕೂಸು ನನ್ನನ್ನು ಹುಡುಕಿಕೊಂಡು ಅಳತೊಡಗಿತು. ಅಂಥ ಅಳುವನ್ನು ಕೇಳಲೆಂದೇ ನಾನು ಅಷ್ಟು ತಿಂಗಳು ಬೇಯುತ್ತ ಕುಳಿತವಳು. ಆದರೂ, ಇನ್ನೊಂದೇ ಗಳಿಗೆ, ಅವಳು ಮಾತನಾಡಿಯಾಳೇನೋ ಎಂದು, ಏಳದೆ ಕುಳಿತಿದ್ದೆ.