ಪ್ರಿಂಟರಿಗೆಂದು ತೆರೆದ ದಾರಿ

ಮೆಲ್ಕಾರಿನ ಜುಲೈಕಾ ಎಡಗೈಯಲ್ಲಿ ಬರೆಯುವವಳು. ಅವಳ ‘ದ’ದ ಹೊಟ್ಟೆ ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಒತ್ತಕ್ಷರಗಳು ತಾಯಿಯ ಸೊಂಟಕ್ಕೆ ಅಂಟಿದ ಮಕ್ಕಳ ಹಾಗೆ ಅಕ್ಷರಕ್ಕೆ ಅಂಟಿಕೊಳ್ಳುತ್ತಿದ್ದವು. ಮದುವೆ ಕಾಗದಗಳಿಗೆ ಕೈಯಲ್ಲೇ ಹೆಸರು ಬರೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತಿದ್ದಿ ಕೊಡುತ್ತಿದ್ದಳು. ನಿಕಾಹ್ ಇರಲಿ, ಧಾರೆ ಇರಲಿ, ಅವಳ ಅಕ್ಷರ ಕಂಡರೆ ನನಗೆ ಗೊತ್ತಾಗುತ್ತಿತ್ತು. ಗೊತ್ತಾಗದೆ ಏನು, ಮೆಲ್ಕಾರಿನ ಕಂಪ್ಯೂಟರ್ ತರಗತಿಯಲ್ಲಿ ಅವಳಿಗೆ ಮೌಸ್ ಹಿಡಿಯಲು ಕಲಿಸಿದವಳೇ ನಾನು.

ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಹೆಣ್ಣು. ಮನೆಯಲ್ಲಿ ಅವಳು, ಅವಳ ತಾಯಿ ಜೈನಬಮ್ಮ, ಇಬ್ಬರೇ. ಅವಳಿಗಿದ್ದ ಆಸೆ ಒಂದು. ಕಾಗದದ ತಳದಲ್ಲಿ, ಪ್ರೆಸ್ಸಿನ ಹೆಸರಿನ ಪಕ್ಕ, ಇರುವೆಯಷ್ಟು ಸಣ್ಣದಾಗಿ ‘ಅಕ್ಷರ: ಜುಲೈಕಾ’ ಎಂದು ಇರಬೇಕು. ಸಣ್ಣ ಪ್ರೆಸ್ಸಿನವರು ಅದಕ್ಕೂ ಒಪ್ಪುತ್ತಿರಲಿಲ್ಲ. ಅದಕ್ಕೇ ಅವಳು ಬೇರೆ ಯಾರಿಗೂ ತೋರಿಸದೆ ಹೊಸದೊಂದು ಅಕ್ಷರಮಾಲೆ ಬರೆಯಲು ಹಿಡಿದಿದ್ದಳು. ಮುಗಿದ ಮೇಲೆ ಮೂಡುಬಿದಿರೆಯ ದೊಡ್ಡ ಪ್ರೆಸ್ಸಿಗೆ ಕೊಂಡುಹೋಗುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಪ್ರೆಸ್ಸಿನ ಯಜಮಾನ ವೃಷಭರಾಜ ನನಗೆ ದೂರದ ಸಂಬಂಧಿ.

೨೦೦೭ರಲ್ಲಿ ಅವಳ ತಮ್ಮ ಫಾಝಿಲ್ ಶಾರ್ಜಾದ ಕೆಲಸ ಹೋಗಿ ಊರಿಗೆ ಬಂದ. ಪಕ್ಕದ ಮನೆಯಲ್ಲಿ ಬಿಡಾರ, ನಡುವೆ ಒಂದು ಗೋಡೆ. ಬರುವಾಗ ವೈರ್‌ಲೆಸ್ ರೂಟರ್ ತಂದಿದ್ದ, ಬಂದವನೇ ಬೇರೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡ. ಪ್ರಿಂಟರ್ ಮಾತ್ರ ಅಕ್ಕನದ್ದೇ ಬೇಕು. ಸರಿ, ಗೋಡೆಯ ಮೇಲಿಂದ ಒಂದು ಕೇಬಲ್ ಎಳೆದು ಎರಡು ಮನೆಯ ರೂಟರುಗಳನ್ನು ಜೋಡಿಸಿದೆವು. ಅಷ್ಟು ಸಾಲದು. ರೂಟರ್ ದಡ್ಡ, ಗೊತ್ತಿಲ್ಲದ ವಿಳಾಸ ಬಂದರೆ ಎಲ್ಲವನ್ನೂ ಇಂಟರ್ನೆಟ್ಟಿಗೆ ತಳ್ಳುತ್ತದೆ. ‘ಆ ಮನೆಯ ವಿಳಾಸಕ್ಕೆ ಹೋಗುವುದು ಈ ಕೇಬಲಿನಲ್ಲೇ ಹೋಗಲಿ’ ಎಂದು ಎರಡೂ ಕಡೆ ನಾವೇ ಬರೆದಿಡಬೇಕು. ಅದಕ್ಕೆ ಸ್ಟ್ಯಾಟಿಕ್ ರೂಟ್ ಎನ್ನುತ್ತಾರೆ.

ತಮ್ಮನ ರೂಟರಿನಲ್ಲಿ ಅದನ್ನು ತುಂಬಿಸಿದವಳು ಜುಲೈಕಾಳೇ. ನಾನು ಪಕ್ಕದಲ್ಲಿ ಕುಳಿತಿದ್ದೆ. “ಇಲ್ಲಿ ಕೊನೆಗೆ ೨೫೫ ಹಾಕು. ಆಗ ಪ್ರಿಂಟರಿಗೆ ಮಾತ್ರ ದಾರಿ. ಸೊನ್ನೆ ಹಾಕಿದರೆ ನಿನ್ನ ಮನೆಯ ಕಂಪ್ಯೂಟರಿಗೂ ದಾರಿ ಆಗ್ತದೆ” ಎಂದೆ.

ಅವಳು ನಕ್ಕಳು. “ತಮ್ಮನಿಗೆ ಜಗಲಿಯವರೆಗೆ ಮಾತ್ರ ಬಾ ಅನ್ನಲಿಕ್ಕೆ ಆಗ್ತದಾ ಟೀಚರ್?” ಎಂದು ಸೊನ್ನೆ ಹಾಕಿದಳು.

ನಮ್ಮ ಕಡೆ ಒಡಹುಟ್ಟಿದವರ ನಡುವೆ ಅಡುಗೆಮನೆಗೂ ಚಿಲಕ ಹಾಕುವ ಕ್ರಮ ಇಲ್ಲ. ಅವಳು ಅಕ್ಷರಗಳನ್ನು ಸ್ಕ್ಯಾನ್ ಮಾಡಿಡುತ್ತಿದ್ದ ಫೋಲ್ಡರಿಗೆ ಪಾಸ್‌ವರ್ಡ್ ಕೂಡ ಇರಲಿಲ್ಲ. ಗೋಡೆಯಾಚೆಯಿಂದ ಫಾಝಿಲ್ ಒತ್ತಿದ, ಇಲ್ಲಿ ಪ್ರಿಂಟರ್ ಗರಗರ ಎಂದಿತು. ಜೈನಬಮ್ಮ ಎಲ್ಲರಿಗೂ ಚಹಾ ಕೊಟ್ಟರು.

ಮರುವರ್ಷ ಅಕ್ಷರಮಾಲೆ ಮುಗಿಯಿತು. ಇಬ್ಬರೂ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದೆವು. ವೃಷಭರಾಜ ಕನ್ನಡಕ ಏರಿಸಿ ಒಂದೊಂದೇ ಹಾಳೆ ನೋಡಿದ. ಆಮೇಲೆ ಅವಳ ಮುಖ ನೋಡಿದ.

“ಕೈ ಒಳ್ಳೇದುಂಟಮ್ಮ. ಆದರೆ ಇದು ಫಾಝಿಲನದ್ದರ ನಕಲು. ನಿಮ್ಮ ಮೆಲ್ಕಾರಿನವನೇ. ಸ್ವಂತದ್ದು ಏನಾದರೂ ಮಾಡಿದರೆ ತೋರಿಸು.”

ಕಪಾಟಿನಿಂದ ಅವನು ತೆಗೆದಿಟ್ಟ ಮದುವೆ ಕಾಗದದಲ್ಲಿ ಅದೇ ‘ದ’, ಎಡಕ್ಕೆ ವಾಲಿದ ಅದೇ ಹೊಟ್ಟೆ. ತಳದಲ್ಲಿ ಇರುವೆಯಷ್ಟು ಸಣ್ಣದಾಗಿ ‘ಅಕ್ಷರ: ಫಾಝಿಲ್’. ಅಕ್ಕನ ಆ ಸಣ್ಣ ಆಸೆಯನ್ನೂ ಕದ್ದಿದ್ದ ಮಾರಾಯ! ನಾನು ಬಾಯಿ ತೆರೆಯುವಷ್ಟರಲ್ಲಿ ಜುಲೈಕಾ ನನ್ನ ಕೈ ಒತ್ತಿದಳು. ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿ, “ಬರ್ತೇನೆ ಸರ್” ಎಂದು ಎದ್ದಳು.

ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. “ಅಲ್ಲೇ ಹೇಳಬೇಕಿತ್ತು ನೀನು!”

“ಒಡಹುಟ್ಟಿದ ತಮ್ಮನನ್ನು ಕಳ್ಳ ಅಂತ ಪರವೂರಲ್ಲಿ ಹೇಗೆ ಹೇಳುವುದು ಟೀಚರ್? ಮೊದಲು ಅವನನ್ನೇ ಕೇಳ್ತೇನೆ. ಉಮ್ಮನ ಎದುರು ಅವ ಸುಳ್ಳು ಹೇಳುವುದಿಲ್ಲ.” ತಾಯಿಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ನಾವು ಮುಟ್ಟುವಾಗ ಫಾಝಿಲ್ ಅಕ್ಕನ ಮನೆಯಲ್ಲೇ ಊಟಕ್ಕೆ ಕುಳಿತಿದ್ದ, ಜೈನಬಮ್ಮ ಬಡಿಸುತ್ತಿದ್ದರು. ಮಾತೆಲ್ಲ ಅವರ ಮನೆಮಾತು ಬ್ಯಾರಿಯಲ್ಲಿ ನಡೆಯಿತು. ನನಗೆ ಅರ್ಥವಾಗುತ್ತದೆಂದು ಅವರಿಗೂ ಗೊತ್ತು. ಜುಲೈಕಾ ಕೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಗೋಡೆ ಹಾರಿ ಬಂದದ್ದಾ ನಾನು? ನೀನೇ ದಾರಿ ಮಾಡಿ ಕೊಟ್ಟದ್ದಲ್ವಾ” ಎಂದ. ಅಷ್ಟಾದರೂ ಅನ್ನ ಕಲಸುವುದು ನಿಲ್ಲಿಸಲಿಲ್ಲ.

ಜುಲೈಕಾ ಕಂಪ್ಯೂಟರಿನ ಎದುರು ಕುಳಿತು ತನ್ನ ರೂಟರಿನ ಪುಟ ತೆರೆದು, ತಮ್ಮನ ಮನೆಗೆ ದಾರಿ ಬರೆದಿದ್ದ ಸಾಲನ್ನು ಅಳಿಸಿದಳು. ಕೇಬಲನ್ನೂ ಕಿತ್ತಳು. ಆಗ ಹಿಂದಿನಿಂದ ಜೈನಬಮ್ಮ ಮೆಲ್ಲಗೆ ಹೇಳಿದರು:

“ಅವನ ಮೇಲೆ ಕೋಪ ಮಾಡಬೇಡ. ನಾನೇ ಹೇಳಿದ್ದು. ಕೆಲಸ ಹೋದವ, ಅವನಿಗೆ ಊರಲ್ಲಿ ಒಂದು ಹೆಸರು ಬೇಕಿತ್ತು. ನೀನು ಹೆಂಗಸು, ನಿನ್ನ ಹೆಸರು ಊರವರ ಮದುವೆ ಕಾಗದದಲ್ಲಿ ಯಾಕೆ? ನಿನ್ನ ಅಕ್ಷರ ಎಲ್ಲಿ ಇಡ್ತೀ ಅಂತ ನಾನೇ ತೋರಿಸಿದೆ.”

ಜುಲೈಕಾ ಕಿತ್ತ ಕೇಬಲನ್ನು ಕೈಯಲ್ಲೇ ಹಿಡಿದುಕೊಂಡು ತಾಯಿಯ ಕಡೆ ತಿರುಗಿದಳು.

“ಫಾಝಿಲನ ದಾರಿಯನ್ನು ಅಳಿಸಿದೆ ಉಮ್ಮ. ನೀವು ನನ್ನ ಕೋಣೆಯಲ್ಲೇ ಮಲಗುವವರು. ನಿಮ್ಮನ್ನು ನಾನು ಏನು ಮಾಡಲಿ?”