ನೆಗೆಣ್ಣಿಯ ಬಾಯಿಂದ ತೆಗೆದ ರೊಟ್ಟಿ

ನನ್ನ ನೆಗೆಣ್ಣಿ ಕಡಕ್ ರೊಟ್ಟಿ ತಿನ್ನುವಾಗ ಅವಳ ದವಡೆಯ ಎಲುಬು ಕಿವಿಯ ತನಕ ಆಡುತ್ತಿತ್ತು. ಅದರ ಸಂಗಡ ಕಿವಿಯ ಬೆಂಡೋಲೆಯೂ ಕುಣಿಯುತ್ತಿತ್ತು. ಪಡಸಾಲೆಯಲ್ಲಿ ಕುಳಿತು ಕಡಿದರೆ ಆ ಕಟಂ ಕಟಂ ಸಪ್ಪಳ ಹಿತ್ತಲಿಗೆ ಕೇಳುತ್ತಿತ್ತು. ಮುದುಕಿಯಾದರೂ ಒಂದು ಹಲ್ಲು ಬಿದ್ದಿರಲಿಲ್ಲ. "ಹಲ್ಲಿಗೆ ಕೆಲಸ ಕೊಡಬೇಕ, ಇಲ್ಲಂದ್ರ ನಾಲಿಗಿ ಊರ ಉಸಾಬರಿ ಮಾಡತೈತಿ" ಎನ್ನುತ್ತಿದ್ದಳು. ಅವಳ ಹಲ್ಲಿಗೂ ಕೆಲಸವಿತ್ತು, ನಾಲಿಗೆಗೂ ಇತ್ತು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಬೈಲಹೊಂಗಲದ ಕಡೆಯಿಂದ ಕಟಕೋಳದ ಈ ಮನೆಗೆ ಸೊಸೆಯಾಗಿ ಬಂದಾಗ ಒಲೆ ಅವಳ ಕೈಯಲ್ಲಿತ್ತು. ನಾನು ಬಡಿದ ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು, "ಇದು ರೊಟ್ಟಿನೋ, ಕೂಸಿನ ಅರಿವೀನೋ? ಹಿಂಡಿದ್ರ ನೀರ ಬರತೈತಿ" ಎಂದಳು. ಎಲ್ಲರೂ ನಕ್ಕರು. ಆಮೇಲೆ ಅವಳೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ರೊಟ್ಟಿ ತೆಳ್ಳಗೆ ಬಡಿಯಬೇಕು, ಸುಟ್ಟ ಮೇಲೆ ಒಲೆಯ ಸುತ್ತ ನಿಲ್ಲಿಸಿ ಕೆಂಡದ ಕಾವಿಗೆ ಒಣಗಿಸಬೇಕು, ಮುರಿದರೆ ಸಪ್ಪಳ ಬರಬೇಕು. ನಾವು ಜಗಳವಾಡದ ವಾರವಿಲ್ಲ. ಆದರೆ ಇಬ್ಬರ ಗಂಡಂದಿರೂ ಹೋದ ಮೇಲೂ ಒಂದೇ ಬುಟ್ಟಿಯ ರೊಟ್ಟಿ ತಿಂದೆವು.

ಆಮೇಲೆ ಅವಳಿಗೆ ಲಕ್ವಾ ಹೊಡೆಯಿತು. ಎಡಗೈ ಸೋತಿತು, ಬಾಯಿ ಒಂದು ಕಡೆ ಜಗ್ಗಿತು, ಮಾತು ತೊದಲಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚೂಪಾಗಿತ್ತು. ಗಂಟಲಿನ ಶಕ್ತಿ ಹೋಗಿದೆ, ಗಟ್ಟಿಯದು ಸಿಕ್ಕಿಕೊಳ್ಳಬಹುದು, ಇಲ್ಲವೇ ಎದೆಗೆ ಇಳಿದು ಜೀವ ತೆಗೆಯಬಹುದು ಎಂದು ದವಾಖಾನೆಯಲ್ಲಿ ಹೇಳಿದರು. ಅವಳ ಮಗ ನನ್ನ ಕಡೆ ತಿರುಗಿ, "ಚಿಗವ್ವ, ಅವ್ವನ ಊಟ ಇನ್ನ ಮ್ಯಾಲ ನಿನ್ನ ಜವಾಬ್ದಾರಿ" ಎಂದ.

ಆ ಮಾತು ನನಗೆ ರುಚಿಸಿತು. ಒಲೆ ಒಮ್ಮೆಯೂ ಪೂರ್ತಿ ನನ್ನದಾಗಿರಲಿಲ್ಲ, ಈಗ ಅವಳ ಬಾಯಿಯೇ ನನ್ನದಾಯಿತು. ಅನ್ನ, ಬೇಳೆ, ಪಲ್ಯ ಎಲ್ಲವನ್ನೂ ಮಿಕ್ಸಿಗೆ ಹಾಕಿ ಗಂಜಿ ಮಾಡಿದೆ. ಅದರ ಬಣ್ಣ ನೋಡಿದರೆ ಎಮ್ಮೆಯೂ ಮುಖ ತಿರುಗಿಸಬೇಕು. ರೊಟ್ಟಿ ಬುಟ್ಟಿಯನ್ನು ಅಟ್ಟದ ಮೇಲಿಟ್ಟೆ. ನಾವು ಅಡಿಗೆ ಮನೆಯ ಬಾಗಿಲು ಹಾಕಿಕೊಂಡು ರೊಟ್ಟಿ ತಿನ್ನುತ್ತಿದ್ದೆವು. ಅವಳಿಗೆ ಕಿವಿ ಇದ್ದವು.

"ಒಂದ ತುಣುಕ ಕೊಡ" ಎನ್ನುತ್ತಿದ್ದಳು.

"ಸಾಯ್ತಿ."

"ಸತ್ರ ನಾ ಸಾಯ್ತೇನಿ. ನಿನಗೇನ ಗಂಟ ಹೋಗತೈತಿ?"

"ನನಗ ಕೆಟ್ಟ ಹೆಸರ ಬರತೈತಿ. ಬಾಯಿ ತಗಿ."

ಹೌದು, ಹಾಗೇ ಅಂದಿದ್ದೆ. ನೋಡಲು ಬಂದವರು, "ಈಕಿ ಅದಾಳಂತ ಆಕಿ ಬದಕ್ಯಾಳ" ಎನ್ನುತ್ತಿದ್ದರು. ನಾನು ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ.

ಎಳ್ಳಮಾವಾಸ್ಯೆ ಬಂತು. ಅಂದು ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಭೂಮಿತಾಯಿ ಬಸುರಿ ಎಂದು ಅವಳಿಗೆ ಉಣ್ಣಲು ಕೊಡುವ ಹಬ್ಬ. ಸಜ್ಜೆ ರೊಟ್ಟಿ, ಕಡುಬು, ಹೋಳಿಗೆ, ಪುಂಡಿಪಲ್ಯ ಎಲ್ಲವನ್ನೂ ಚೂರು ಮಾಡಿ ಕಲಸಿ ಬೆಳೆಯೊಳಗೆ ಬೀರುತ್ತಾರೆ. ಮೊದಲೆಲ್ಲ ಆ ರೊಟ್ಟಿ ಬಡಿಯುವ ಕೆಲಸ ಅವಳದೇ. ಆ ಸಲ ಅವಳನ್ನು ಟ್ರ್ಯಾಕ್ಟರ್‌ನಲ್ಲಿ ಕರೆತಂದು ಬದುವಿನ ಮೇಲೆ ಕೂರಿಸಿದೆವು. ಜೊತೆಗೆ ಅವಳ ಗಂಜಿಯ ಡಬ್ಬಿ ತಂದಿದ್ದೆ.

ಮಗ ಕೂಗುತ್ತಾ ಚರಗ ಚೆಲ್ಲಿಕೊಂಡು ಮುಂದೆ ಹೋದ. ಒಂದು ಚೂರು ರೊಟ್ಟಿ ಬದುವಿನ ಹತ್ತಿರ ಬಿತ್ತು. ನಾನು ನೋಡುತ್ತಿದ್ದಂತೆ ಅವಳು ಬಾಗಿ, ಬಲಗೈಯಿಂದ ಅದನ್ನು ಎತ್ತಿ, ಮಣ್ಣು ಸಮೇತ ಬಾಯಿಗೆ ಹಾಕಿಕೊಂಡಳು.

ನಾನು ಓಡಿದೆ. ಅವಳ ಗದ್ದ ಹಿಡಿದು, ಬಾಯಿ ಬಿಚ್ಚಿ, ಬೆರಳು ಹಾಕಿ ಗಲ್ಲದ ಒಳಗಿಂದ ಆ ರೊಟ್ಟಿಯನ್ನು ಕೆದರಿ ತೆಗೆದೆ. ಬೀಗರು, ಮೊಮ್ಮಕ್ಕಳು, ಆಳುಗಳು ಎಲ್ಲರೂ ನೋಡುತ್ತಿದ್ದರು. ಮಣ್ಣು, ಜೊಲ್ಲು ನನ್ನ ಕೈ ತುಂಬ. ಅಷ್ಟು ಗಟ್ಟಿ ಹಲ್ಲಿನವಳು, ನನ್ನ ಬೆರಳನ್ನು ಕಡಿಯಲಿಲ್ಲ. ಕಡಿಯಬೇಕಿತ್ತು.

"ಮಣ್ಣಿಗೆ ಕೊಟ್ರಿ, ಇರುವಿಗೆ ಕೊಟ್ರಿ, ಹಕ್ಕಿಗೆ ಕೊಟ್ರಿ" ಎಂದಳು.

ಯಾರೋ ಹಿಂದಿನಿಂದ, "ಎಷ್ಟ ಜ್ವಾಕಿ ಮಾಡತಾಳ ನೋಡ್ರಿ" ಎಂದರು. ಆ ಮಾತಿಗೂ ನಾನು ಹಿಗ್ಗಿದೆ. ಇದನ್ನು ಬರೆಯುವಾಗ ಮೈ ಹಿಡಿಯಾಗುತ್ತದೆ.

ಅಂದಿನಿಂದ ಅವಳು ಬಾಯಿ ಮುಚ್ಚಿದಳು. ಗಂಜಿಯ ಚಮಚ ಒಯ್ದರೆ ಮುಖ ಗೋಡೆಗೆ. ಬೈದೆ, ಕೈ ಮುಗಿದೆ, ಮತ್ತೆ ಬೈದೆ. ಕೊನೆಗೆ ರಾಮದುರ್ಗದ ಲೇಡಿ ಡಾಕ್ಟರ್ ಹತ್ತಿರ ಅವಳನ್ನು ಕರೆದೊಯ್ದೆವು. ಮೂಗಿನಿಂದ ನಳಿಗೆ ಹಾಕಿಸಬೇಕು ಎಂದು ಮಗ ದಾರಿಯಲ್ಲೇ ನಿರ್ಧರಿಸಿದ್ದ.

ಡಾಕ್ಟರ್ ಕುರ್ಚಿ ಎಳೆದುಕೊಂಡು ನೆಗೆಣ್ಣಿಯ ಎದುರು ಕುಳಿತರು. "ಯಾಕ ಉಣವಲ್ರಿ ಅಜ್ಜಿ?" ಎಂದರು.

"ಆಕೀಗೆ ತಿಳಿಯಂಗಿಲ್ರಿ, ಹಟಾ ಮಾಡತಾಳ" ಎಂದೆ ನಾನು.

"ನೀವು ಸುಮ್ಮ ಕುಂದರ್ರಿ. ನಾ ಅವರನ್ನ ಕೇಳಾಕತ್ತೇನಿ."

ಲಕ್ವಾ ಹೊಡೆದ ಮೇಲೆ ಅವಳನ್ನು ಕೇಳಿದವರು ಇವರೇ ಮೊದಲು. ಅವಳು ತೊದಲುತ್ತ, ನಿಧಾನ ಹೇಳಿದಳು: "ರೊಟ್ಟಿ ಬೇಕು."

ಡಾಕ್ಟರ್ ಏನನ್ನೂ ಮುಚ್ಚಿಡಲಿಲ್ಲ. ಗಂಟಲಿಗೆ ಸಿಕ್ಕಬಹುದು, ಎದೆಗೆ ಇಳಿದರೆ ಜ್ವರ ಬಂದು ಸಾಯಲೂಬಹುದು ಎಂದರು. ತಿಳಿಯಿತೇ ಎಂದು ಮತ್ತೆ ಕೇಳಿದರು.

"ತಿಳೀತು. ಬಾಯಿ ನಂದು, ಕೀಲಿ ಈಕೀ ಕೈಯಾಗ ಐತಿ. ಅದನ್ನ ಕೊಡಸ್ರಿ."

ಡಾಕ್ಟರ್ ನಕ್ಕರು. ಮಗ ನಗಲಿಲ್ಲ. "ಹಂಗಾದ್ರ ಅವ್ವನ್ನ ಕೊಲ್ಲಂತೀರೇನ್ರಿ?" ಎಂದ. ಅದಕ್ಕೆ ಅವನ ತಾಯಿಯೇ ಉತ್ತರ ಕೊಟ್ಟಳು: "ಕೊಲ್ಲಬ್ಯಾಡಪಾ. ಉಣ್ಣಾಕ ಕೊಡು."

ನೆಟ್ಟಗೆ ಕೂರಿಸಿ, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಸಣ್ಣ ತುಣುಕು ಕೊಡಿ, ಗದ್ದ ಎದೆಗೆ ಹಚ್ಚಿ ನುಂಗಲಿ, ಯಾರಾದರೂ ಪಕ್ಕದಲ್ಲಿರಲಿ ಎಂದು ಡಾಕ್ಟರ್ ಕಲಿಸಿಕೊಟ್ಟರು. ಹೀಗೂ ಒಂದು ದಾರಿ ಇತ್ತು. ನಾನು ಕೇಳಿಯೇ ಇರಲಿಲ್ಲ.

ಬುಟ್ಟಿ ಅಟ್ಟದಿಂದ ಇಳಿಯಿತು. ಅವಳು ತಿನ್ನುವಾಗ ನಾನು ಸೆರಗು ಹಿಂಡುತ್ತ ಪಕ್ಕದಲ್ಲಿ ಕೂರುತ್ತಿದ್ದೆ. ಕೆಮ್ಮು ಬಂದರೆ ನನ್ನ ಜೀವ ಹೋಗುತ್ತಿತ್ತು. ಒಮ್ಮೆ ಸಿಕ್ಕಿಕೊಂಡು ಮುಖ ನೀಲಿಯಾಯಿತು. ಬೆನ್ನಿಗೆ ಗುದ್ದಿದೆ, ತುಣುಕು ಹೊರಬಿತ್ತು. ಉಸಿರು ಬಂದದ್ದೇ ತಡ, "ಅದನ್ಯಾಕ ಬೀಳಸಿದಿ? ಬ್ಯಾರೆ ಕೊಡ" ಎಂದಳು. ಸ್ವಲ್ಪ ದಿನಕ್ಕೆ ನೆನೆಸಿದ್ದು ಸಾಲದೆಂದು ಒಣ ತುಣುಕನ್ನೇ ದವಡೆಗೆ ಇಟ್ಟುಕೊಂಡು ಸಪ್ಪಳ ಮಾಡತೊಡಗಿದಳು. ಮೊದಲಿನಂತೆ ಕಟಂ ಎನ್ನುತ್ತಿರಲಿಲ್ಲ, ಇಲಿ ಕೆರೆದಂತೆ ಕೇಳುತ್ತಿತ್ತು. ಬೆಂಡೋಲೆ ಮಾತ್ರ ಮತ್ತೆ ಕುಣಿಯಿತು.

ಬೇಸಿಗೆಯಲ್ಲಿ ಜ್ವರ ಬಂತು, ಎದೆ ಕಟ್ಟಿತು. ತಿಂದದ್ದು ಎದೆಗೆ ಇಳಿದೇ ಹೀಗಾಗಿರಬಹುದು ಎಂದು ಡಾಕ್ಟರ್ ನೇರವಾಗಿಯೇ ಹೇಳಿದರು. ನೆಗೆಣ್ಣಿ ಅದನ್ನು ಕೇಳಿ ಕಣ್ಣು ಮುಚ್ಚಿಯೇ, "ಹೇಳಿದ್ರಲ್ಲ ಮೊದಲ" ಎಂದಳು. ದವಾಖಾನೆಯಲ್ಲಿ ಇರಲು ಒಪ್ಪಲಿಲ್ಲ. ಮನೆಯಲ್ಲಿ, ಪಡಸಾಲೆಯಲ್ಲಿ ಸತ್ತಳು.

ಮಣ್ಣಿಗೆ ಬಂದ ಬೀಗಿತ್ತಿಯೊಬ್ಬಳು ನನಗೆ ಕೇಳಲೆಂದೇ, "ರೊಟ್ಟಿ ತಿನ್ನಿಸಿ ಕಳಿಸಿದಳವ್ವಾ" ಎಂದಳು. ಹೌದು ಎಂದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಆ ರೊಟ್ಟಿಗಳನ್ನು ನಾನೇ ಬಡಿದಿದ್ದೆ, ತೆಳ್ಳಗೆ, ಅವಳು ಕಲಿಸಿದ ಹಾಗೆ. ನಾಚಿಕೆ ಬೇರೆಯದಕ್ಕಿದೆ, ಅದಕ್ಕೆ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಇಳಿಯುತ್ತಿತ್ತೇನೋ.

ಈ ಸಲದ ಎಳ್ಳಮಾವಾಸ್ಯೆಗೆ ಎಲ್ಲರೂ ಚರಗ ಚೆಲ್ಲುತ್ತ ಮುಂದೆ ಹೋದ ಮೇಲೆ, ಬದುವಿನ ಮೇಲೆ ಅವಳು ಕುಳಿತಿದ್ದ ಕಡೆ ಒಂದು ಸಜ್ಜೆ ರೊಟ್ಟಿ ಇಟ್ಟೆ. ಚೂರು ಮಾಡಲಿಲ್ಲ, ಇಡಿಯದು. ನಾಯಿ ತಿಂದಿರಬೇಕು. ಸತ್ತವರು ತಿನ್ನುವುದಿಲ್ಲ. ಹೋದ ಸಲ, ತಿನ್ನುವ ಜೀವ ಇದ್ದಾಗ, ಅವಳು ಅಲ್ಲೇ ಇದ್ದಳು, ಬಾಯಿ ತೆರೆದಿದ್ದಳು. ನಾನು ಬೆರಳು ಹಾಕಿದೆ.